1961ರ ಆ ಭಾನುವಾರ: ಬಿಲ್ ಇವಾನ್ಸ್ ಟ್ರಯೋದ ವ್ಯಾನ್‌ಗಾರ್ಡ್ ರೆಕಾರ್ಡಿಂಗ್ ಯಾಕೆ ಇಷ್ಟು ಹಿಡಿಸುತ್ತದೆ?

ಸಂಜೆರಾಗ

ಜಾಝ್ ಪಿಯಾನಿಸ್ಟ್ ಬಿಲ್ ಇವಾನ್ಸ್‌ನ ಟ್ರಯೋ, ಅಂದರೆ ಮೂವರ ತಂಡ, ನ್ಯೂಯಾರ್ಕ್‌ನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್‌ನಲ್ಲಿ 1961ರ ಜೂನ್ 25ರಂದು ನುಡಿಸಿದ್ದನ್ನು ಇಲ್ಲಿ ಎಷ್ಟು ಜನ ಕೇಳಿದ್ದೀರಿ? ಪಿಯಾನೋ ಇವಾನ್ಸ್, ಬಾಸ್ (ನಿಂತು ನುಡಿಸುವ ದೊಡ್ಡ ತಂತಿವಾದ್ಯ) ಸ್ಕಾಟ್ ಲಫಾರೋ, ಡ್ರಮ್ಸ್ ಪಾಲ್ ಮೋಷಿಯನ್. ಅವತ್ತು ಭಾನುವಾರ. ಮಧ್ಯಾಹ್ನ ಎರಡು ಸೆಟ್, ರಾತ್ರಿ ಮೂರು ಸೆಟ್ (ಸೆಟ್ ಅಂದರೆ ಬಿಡುವಿಗೆ ಮೊದಲು ನುಡಿಸುವ ಒಂದು ಸುತ್ತು). ಆ ಒಂದೇ ದಿನದ ಟೇಪುಗಳಿಂದ ಎರಡು ಎಲ್‌ಪಿ ಬಂದವು: 'ಸಂಡೇ ಅಟ್ ದಿ ವಿಲೇಜ್ ವ್ಯಾನ್‌ಗಾರ್ಡ್' ಮತ್ತು 'ವಾಲ್ಟ್ಜ್ ಫಾರ್ ಡೆಬಿ'.

ಇದಕ್ಕಿಂತ ಸ್ವಚ್ಛವಾದ ರೆಕಾರ್ಡಿಂಗ್‌ಗಳು ಬೇಕಾದಷ್ಟಿವೆ. ಇದೇ ಮೂವರು ಸ್ಟುಡಿಯೋದಲ್ಲಿ 'ಪೋರ್ಟ್ರೇಟ್ ಇನ್ ಜಾಝ್' ಮತ್ತು 'ಎಕ್ಸ್‌ಪ್ಲೊರೇಷನ್ಸ್' ಮಾಡಿದ್ದಾರೆ. ಎರಡೂ ಚೆನ್ನಾಗಿವೆ. ಆದರೂ ನನ್ನ ಕೈ ಹೋಗುವುದು ಈ ಕ್ಲಬ್ ರೆಕಾರ್ಡಿಂಗ್‌ಗೇ. ಇದರಲ್ಲಿ ಗ್ಲಾಸುಗಳು ತಾಗುತ್ತವೆ. ಯಾರೋ ಮಾತಾಡುತ್ತಾರೆ, ಯಾರೋ ನಗುತ್ತಾರೆ. ಕೆಲವು ಹಾಡು ಮುಗಿದಾಗ ಚಪ್ಪಾಳೆ ಎಷ್ಟು ಕಮ್ಮಿ ಅಂದರೆ ಕೇಳುವ ನಮಗೇ ಬೇಜಾರಾಗುತ್ತದೆ.

ನನಗನಿಸೋದು ಇಷ್ಟು. ಕೋಣೆ ಪೂರ್ತಿ ಕೇಳಿಸಿಕೊಳ್ಳುತ್ತಿಲ್ಲ. ಆದರೆ ಆ ಮೂವರು ಒಬ್ಬರನ್ನೊಬ್ಬರು ಎಷ್ಟು ಗಮನವಿಟ್ಟು ಕೇಳುತ್ತಿದ್ದಾರೆ ಅಂತ ಆ ಗದ್ದಲದ ನಡುವೆಯೇ ಗೊತ್ತಾಗುತ್ತದೆ. ಸ್ಟುಡಿಯೋದಲ್ಲಿ ಗಮನ ಸಹಜ, ಅಲ್ಲಿ ಬೇರೆ ಏನೂ ಇಲ್ಲ. ಇಲ್ಲಿ ಗಮನ ಅವರು ಮಾಡಿಕೊಂಡದ್ದು. ನಿಮಗೆಲ್ಲ ಹೇಗೆ ಕೇಳಿಸುತ್ತದೆ?

ಚಾಮರಾಜಪೇಟೆ

ನಾನು ಒಪ್ಪುವುದಿಲ್ಲ. ಗದ್ದಲ ಗದ್ದಲವೇ. 'ಮೈ ಫೂಲಿಶ್ ಹಾರ್ಟ್' ತರಹದ ನಿಧಾನದ ಹಾಡಿನಲ್ಲಿ ಪಿಯಾನೋದ ಒಂದು ಸ್ವರ ಕರಗುತ್ತಾ ಹೋಗುವಾಗ ಹಿಂದೆ ಯಾರೋ ಹರಟುತ್ತಿದ್ದರೆ ನನಗೆ ಸಿಟ್ಟು ಬರುತ್ತದೆ. ಟಿಕೆಟ್ ಕೊಂಡು ಬಂದವರು ಸುಮ್ನೆ ಕೂತು ಕೇಳಬಹುದಿತ್ತು.

ಹಳೆಯ ರೆಕಾರ್ಡಿಂಗ್‌ಗಳ ಕೊರತೆಯನ್ನೇ ಗುಣ ಅಂತ ಹೊಗಳುವ ಅಭ್ಯಾಸ ಸಂಗೀತ ಪ್ರಿಯರಲ್ಲಿ ಜಾಸ್ತಿ. ಸಂಗೀತ ದೊಡ್ಡದು, ಒಪ್ಪುತ್ತೇನೆ. ಅದು ಗದ್ದಲದಿಂದಾಗಿ ದೊಡ್ಡದಾಗಿಲ್ಲ. ಗದ್ದಲ ಇದ್ದರೂ ದೊಡ್ಡದಾಗಿದೆ.

ಬಾಸ್‌ಪ್ರಿಯ

ಇಬ್ಬರೂ ಗ್ಲಾಸಿನ ಸದ್ದಿನಲ್ಲೇ ನಿಂತುಬಿಟ್ಟಿರಿ. ಈ ರೆಕಾರ್ಡಿಂಗ್ ಮುಖ್ಯವಾಗುವುದು ಲಫಾರೋ ನುಡಿಸುವ ರೀತಿಯಿಂದ.

ಆವರೆಗೆ ಪಿಯಾನೋ ಟ್ರಯೋದಲ್ಲಿ ಬಾಸ್‌ನ ಕೆಲಸ ಹೆಚ್ಚಾಗಿ ಒಂದೇ. ಬಾರ್‌ಗೆ (ಎಣಿಕೆಯ ಒಂದು ಸುತ್ತಿಗೆ) ನಾಲ್ಕು ಬೀಟ್, ನಾಲ್ಕು ಸ್ವರ. ಹಾಡಿಗೆ ನೆಲ ಹಾಸಿ ಕೊಡುವುದು. ಇದನ್ನು ವಾಕಿಂಗ್ ಬಾಸ್ ಅನ್ನುತ್ತಾರೆ. ಲಫಾರೋ ಅದನ್ನು ಬೇಕೆಂದಾಗ ಮಾತ್ರ ಮಾಡಿದ. ಉಳಿದ ಹೊತ್ತು ಪಿಯಾನೋಗೆ ಉತ್ತರ ಕೊಟ್ಟ, ಪ್ರಶ್ನೆ ಹಾಕಿದ, ಒಮ್ಮೊಮ್ಮೆ ಅಡ್ಡ ಬಂದ. ತಂತಿಗಳನ್ನು ಬೆರಳುಹಲಗೆಗೆ ಹತ್ತಿರ ಇಳಿಸಿಕೊಂಡಿದ್ದ. ಹಾಗಾಗಿ ಮೇಲಿನ ಸ್ಥಾಯಿಯಲ್ಲಿ ಗಿಟಾರ್‌ನಷ್ಟು ಚುರುಕಾಗಿ ಓಡಾಡಲು ಆಗುತ್ತಿತ್ತು. ಮೊದಲು ಕ್ಲಾರಿನೆಟ್, ಸ್ಯಾಕ್ಸೊಫೋನ್ ನುಡಿಸುತ್ತಿದ್ದವನು. ಬಾಸ್ ಹಿಡಿದದ್ದು ಕಾಲೇಜಿನ ಹೊತ್ತಿಗೆ. ಊದುವ ವಾದ್ಯದವರ ಯೋಚನೆ ಅವನ ಬೆರಳುಗಳಲ್ಲಿ ಉಳಿದಿತ್ತು ಅಂತ ನನ್ನ ನಂಬಿಕೆ. ಸಾಲುಗಳು ಉಸಿರು ತೆಗೆದುಕೊಂಡು ಶುರುವಾಗುತ್ತವೆ.

ಇಷ್ಟೆಲ್ಲ ಮಾಡುವಾಗ ಅವನಿಗೆ 25 ವರ್ಷ.

ಹೊಸಬ_ಶಿರಸಿ

ನಾನು ಜಾಝ್‌ಗೆ ಹೊಸಬ. ಕರ್ನಾಟಕ ಸಂಗೀತ ಸ್ವಲ್ಪ ಕೇಳಿ ಗೊತ್ತು. 'ವಾಲ್ಟ್ಜ್ ಫಾರ್ ಡೆಬಿ' ಹಾಕಿ ಕೇಳಿದೆ. ಹಿತವಾಗಿತ್ತು, ಆದರೆ ನೀವು ಹೇಳುವಂಥ ಮಾತುಕತೆ ನನಗೆ ಕೇಳಿಸಲಿಲ್ಲ. ಪಿಯಾನೋ ಚಂದ, ಹಿಂದೆ ಏನೋ ಗುಂ ಅನ್ನುತ್ತದೆ, ಅಷ್ಟೇ. ಬಾಸ್ ಕೇಳುವುದು ಹೇಗೆ? ಎಲ್ಲಿಂದ ಶುರು ಮಾಡಬೇಕು?

ಬಾಸ್‌ಪ್ರಿಯ

ಒಳ್ಳೆಯ ಪ್ರಶ್ನೆ. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಮೊದಲನೆಯದು, ಫೋನಿನ ಸ್ಪೀಕರ್ ಬೇಡ. ಅದರಲ್ಲಿ ಬಾಸ್‌ನ ಅರ್ಧ ಭಾಗ ಬರುವುದೇ ಇಲ್ಲ. ಸಾಧಾರಣ ಹೆಡ್‌ಫೋನ್ ಸಾಕು.

'ವಾಲ್ಟ್ಜ್ ಫಾರ್ ಡೆಬಿ' ಹಾಡನ್ನೇ ತಗೊಳ್ಳಿ. ಡೆಬಿ ಅಂದರೆ ಇವಾನ್ಸ್‌ನ ಅಣ್ಣ ಹ್ಯಾರಿಯ ಮಗಳು. 1956ರ ತನ್ನ ಮೊದಲ ಆಲ್ಬಮ್‌ನಲ್ಲೇ ಇವಾನ್ಸ್ ಇದನ್ನು ಒಬ್ಬನೇ ನುಡಿಸಿದ್ದ. ವ್ಯಾನ್‌ಗಾರ್ಡ್‌ನಲ್ಲಿ ಹಾಡು ಶುರುವಾಗುವುದು ಮೂರರ ಎಣಿಕೆಯಲ್ಲಿ, ಮಗುವನ್ನು ತೂಗುವ ಹಾಗೆ. ಆ ಭಾಗದಲ್ಲಿ ಪಿಯಾನೋ ಬಿಟ್ಟುಬಿಡಿ. ಕಿವಿ ಕೆಳಗೆ ಇಡಿ. ಲಫಾರೋ ರಾಗದ ಕೆಳಗೆ ಇನ್ನೊಂದು ರಾಗ ಕಟ್ಟುತ್ತಿರುತ್ತಾನೆ. ಆಮೇಲೆ ಎಣಿಕೆ ನಾಲ್ಕಕ್ಕೆ ಹೊರಳುತ್ತದೆ, ಇಂಪ್ರೊವೈಸೇಷನ್, ಅಂದರೆ ನಮ್ಮ ಮನೋಧರ್ಮದಂಥದ್ದು, ಶುರು. ಡ್ರಮ್ಸ್ ಮೈಮುರಿದು ಎದ್ದಂತೆ ಅನ್ನಿಸುತ್ತದೆ. ಅಲ್ಲಿ ಬಾಸ್ ಒಂದಿಷ್ಟು ಹೊತ್ತು ನೇರ ನಡೆಯುತ್ತದೆ, ಮತ್ತೆ ನಿಂತು ಏನೋ ಹೇಳುತ್ತದೆ. ಅದು ನಿಂತ ಜಾಗಗಳನ್ನು ಗಮನಿಸಿ. ಇವಾನ್ಸ್ ಕೂಡ ಅದೇ ಜಾಗಗಳಲ್ಲಿ ಸಾಲು ಬಿಡುತ್ತಾನೆ.

ಎರಡನೆಯದು 'ಗ್ಲೋರಿಯಾಸ್ ಸ್ಟೆಪ್'. ಲಫಾರೋ ಬರೆದ ಹಾಡು. ಜಾಝ್ ಹಾಡುಗಳು ಸಾಮಾನ್ಯವಾಗಿ ಎಂಟೆಂಟು ಬಾರ್‌ಗಳಲ್ಲಿ ಕಟ್ಟಿರುತ್ತವೆ. ಇದು ಐದು, ಐದು, ಹತ್ತು. ಎಣಿಸುತ್ತಾ ಕೂತರೆ ಮೊದಲೆರಡು ಸಲ ದಾರಿ ತಪ್ಪುತ್ತದೆ. ಕರ್ನಾಟಕ ಸಂಗೀತದಲ್ಲಿ ಖಂಡ ನಡೆ ಕೇಳಿ ಅಭ್ಯಾಸ ಇರುವ ನಿಮಗೆ ಬೇಗ ಹಿಡಿತ ಸಿಗಬಹುದು. ಇಲ್ಲಿ ಐದು ಎಂದರೆ ಬಾರ್‌ಗಳ ಲೆಕ್ಕ, ಬೀಟಿನ ಒಳಗಿನ ಐದಲ್ಲ, ಅಷ್ಟು ನೆನಪಿಡಿ.

ಮೂರನೆಯದು 'ಜೇಡ್ ವಿಷನ್ಸ್'. ಇದೂ ಲಫಾರೋನದೇ. ಪುಟ್ಟ ಹಾಡು. ಇಲ್ಲಿ ಅವನು ಓಡುವುದೇ ಇಲ್ಲ. ಅಷ್ಟು ಚುರುಕು ಬೆರಳಿದ್ದವನು ತನ್ನದೇ ಹಾಡಿನಲ್ಲಿ ಒಂದು ಸರಳ ಸಾಲನ್ನು ಮತ್ತೆ ಮತ್ತೆ ಹೇಳುತ್ತಾ ನಿಲ್ಲುತ್ತಾನೆ. ಆ ರಾತ್ರಿಯ ಕೊನೆಯ ಹೊತ್ತಿನಲ್ಲಿ ಇದನ್ನು ಬೆನ್ನಿಗೆ ಬೆನ್ನಿಗೆ ಎರಡು ಸಲ ನುಡಿಸಿದರು. ನನ್ನ ಮಟ್ಟಿಗೆ ಇಡೀ ದಿನದ ಅತ್ಯುತ್ತಮ ನಿಮಿಷಗಳು ಅಲ್ಲೇ ಇವೆ.

ಕೊನೆಗೆ 'ಸೋಲಾರ್' ಮತ್ತು 'ಮೈಲ್‌ಸ್ಟೋನ್ಸ್'. ಇವೆರಡರಲ್ಲಿ ಬಾಸ್ ಮುಂದೆ ಬಂದು ನಿಲ್ಲುತ್ತದೆ. ಇದು ಕೇಳಿಸದೇ ಇರಲು ಸಾಧ್ಯವೇ ಇಲ್ಲ.

ಟೇಪುರೀಲು

ರೆಕಾರ್ಡಿಂಗ್ ಕಡೆಯಿಂದ ನಾಲ್ಕು ಮಾತು.

ಕೆಲಸ ಮಾಡಿದ್ದು ರಿವರ್‌ಸೈಡ್ ಕಂಪನಿ. ನಿರ್ಮಾಪಕ ಆರಿನ್ ಕೀಪ್‌ನ್ಯೂಸ್, ಎಂಜಿನಿಯರ್ ಡೇವ್ ಜೋನ್ಸ್. ಹೊತ್ತು ತರಬಹುದಾದ ಆಂಪೆಕ್ಸ್ ಟೇಪ್ ಯಂತ್ರ, ಎರಡು ಟ್ರ್ಯಾಕ್. ಈ 'ಎರಡು ಟ್ರ್ಯಾಕ್' ಅನ್ನೋದು ಬಹಳ ಮುಖ್ಯ. ಇವತ್ತಾದರೆ ಪ್ರತಿ ವಾದ್ಯಕ್ಕೂ ಬೇರೆ ಟ್ರ್ಯಾಕ್ ಇಟ್ಟು ಆಮೇಲೆ ಸ್ಟುಡಿಯೋದಲ್ಲಿ ಕೂತು ಬಾಸ್ ಏರಿಸಿ ಡ್ರಮ್ಸ್ ಇಳಿಸಿ ಸರಿ ಮಾಡುತ್ತಾರೆ. ಎರಡು ಟ್ರ್ಯಾಕ್‌ನಲ್ಲಿ ಆ ಅವಕಾಶ ಇಲ್ಲ. ಮೈಕುಗಳಿಂದ ಬಂದದ್ದನ್ನು ಅಲ್ಲೇ, ಆ ಕ್ಷಣದಲ್ಲೇ ಬೆರೆಸಿ ಎಡ ಬಲ ಅಂತ ಟೇಪಿಗೆ ಇಳಿಸಬೇಕು. ಅಂದರೆ ಕೋಣೆಯಲ್ಲಿ ಆ ಮೂವರು ಎಷ್ಟು ಜೋರಾಗಿ, ಎಷ್ಟು ಮೆಲ್ಲಗೆ ನುಡಿಸಿದರೋ ಅದೇ ಅಳತೆ ನಮಗೆ ಸಿಗುತ್ತಿದೆ. ಡ್ರಮ್ಸ್ ಬಾಸ್ ಅನ್ನು ಮುಚ್ಚಿಲ್ಲ ಅಂದರೆ ಅದಕ್ಕೆ ದೊಡ್ಡ ಕಾರಣ ಮೋಷಿಯನ್‌ನ ಕೈ.

ಚಾಮರಾಜಪೇಟೆಯವರಿಗೆ ಉತ್ತರವೂ ಇಲ್ಲೇ ಇದೆ. ಪಿಯಾನೋ ಹಿಡಿದ ಮೈಕೇ ಪಕ್ಕದ ಮೇಜಿನ ಗ್ಲಾಸನ್ನೂ ಹಿಡಿದಿದೆ. ಎರಡೂ ಒಂದೇ ಟೇಪಿನಲ್ಲಿ ಕೂತಿವೆ. ಆ ಸದ್ದು ಒರೆಸಲು ಹೋದರೆ ಪಿಯಾನೋ ಸ್ವರದ ಬಾಲವೂ ಹೋಗುತ್ತದೆ. ನೀವು ಹೇಳಿದ ಆ 'ಕರಗುತ್ತಾ ಹೋಗುವ ಸ್ವರ' ಇದೆಯಲ್ಲ, ಅದು ಕರಗುವುದು ಆ ಕೋಣೆಯ ಗಾಳಿಯಲ್ಲೇ.

ಇನ್ನೊಂದು ವಿಷಯ. ಅವತ್ತಿನ ಮೊದಲ ಹಾಡು 'ಗ್ಲೋರಿಯಾಸ್ ಸ್ಟೆಪ್' ನಡೆಯುವಾಗ ಕರೆಂಟ್ ಕೈಕೊಟ್ಟಿತು. ಟೇಪಿನಲ್ಲಿ ಹಾಡು ನಡುವೆ ಕಡಿದುಹೋಗುತ್ತದೆ. ದಶಕಗಳ ಕಾಲ ಅದನ್ನು ಹೊರಗೆ ಬಿಡಲಿಲ್ಲ. 2005ರಲ್ಲಿ ಅವತ್ತಿನ ಐದೂ ಸೆಟ್‌ಗಳನ್ನು ಮೂರು ಸಿಡಿಗಳ ಪೆಟ್ಟಿಗೆಯಾಗಿ ತಂದಾಗ ಆ ಕಡಿದ ಟೇಕನ್ನೂ (ಒಂದು ಸಲ ನುಡಿಸಿ ರೆಕಾರ್ಡ್ ಮಾಡಿದ್ದನ್ನು ಟೇಕ್ ಅನ್ನುತ್ತಾರೆ) ಸೇರಿಸಿದರು. ಮುಂದಿನ ಹಾಡು ಯಾವುದು ಅಂತ ವೇದಿಕೆಯಲ್ಲಿ ಮಾತಾಡಿಕೊಳ್ಳುವುದನ್ನೂ ಬಿಟ್ಟಿಲ್ಲ. ನನಗೆ ಆ ಪೆಟ್ಟಿಗೆ ಎರಡು ಎಲ್‌ಪಿಗಳಿಗಿಂತ ಪ್ರಿಯ. 'ಆಲ್ ಆಫ್ ಯೂ' ಮೂರು ಸಲ ಬರುತ್ತದೆ, ಮೂರೂ ಬೇರೆ ಬೇರೆ. ಮಧ್ಯಾಹ್ನಕ್ಕೂ ರಾತ್ರಿಗೂ ಅವರ ಮೈ ಎಷ್ಟು ಬಿಸಿಯಾಗಿದೆ ಅಂತ ತಿಳಿಯುತ್ತದೆ.

ಚಾಮರಾಜಪೇಟೆ

ಟೇಪಿನ ವಿವರ ಚೆನ್ನಾಗಿದೆ, ಥ್ಯಾಂಕ್ಸ್. ಸದ್ದು ತೆಗೆಯಲು ಆಗುವುದಿಲ್ಲ ಅನ್ನೋದನ್ನು ಒಪ್ಪಿದೆ. ಆದರೆ 'ತೆಗೆಯಲಾಗದು' ಬೇರೆ, 'ಇರಬೇಕು' ಬೇರೆ. ಕ್ಲಬ್ ಸದ್ದೇ ಸೊಗಸು ಅನ್ನುವುದಾದರೆ ಯಾರು ಬೇಕಾದರೂ ಸ್ಟುಡಿಯೋದಲ್ಲಿ ನಾಲ್ಕು ಗ್ಲಾಸ್ ತಾಗಿಸಿ ಆ ಸೊಗಸು ತರಬಹುದಲ್ಲ? ಆಗ ನಿಮ್ಮ ವಾದ ಏನಾಗುತ್ತದೆ?

ಟೇಪುರೀಲು

ಅದನ್ನು ನಿಜವಾಗಿಯೂ ಮಾಡಿದ್ದಾರೆ!

ಸ್ಯಾಕ್ಸೊಫೋನ್ ವಾದಕ ಕ್ಯಾನನ್‌ಬಾಲ್ ಆಡರ್ಲಿಯ 'ಮರ್ಸಿ, ಮರ್ಸಿ, ಮರ್ಸಿ' ಆಲ್ಬಮ್ ಇದೆಯಲ್ಲ, ಅದರ ಮೇಲೆ 'ಲೈವ್ ಅಟ್ ದಿ ಕ್ಲಬ್' ಅಂತ ಬರೆದಿದೆ. ಚಿಕಾಗೋದ ಒಂದು ಕ್ಲಬ್ ಅಂತ ಎಲ್ಲರೂ ಅಂದುಕೊಂಡರು. ರೆಕಾರ್ಡ್ ಆದದ್ದು 1966ರಲ್ಲಿ ಕ್ಯಾಪಿಟಲ್ ಕಂಪನಿಯ ಲಾಸ್ ಏಂಜಲಿಸ್ ಸ್ಟುಡಿಯೋದಲ್ಲಿ. ಜನರನ್ನು ಕರೆಸಿ, ಕುಡಿಯಲು ಬಾರ್ ತೆರೆದಿಟ್ಟು, ಅವರ ಎದುರು ನುಡಿಸಿದರು.

ಅದಕ್ಕಿಂತ ವಿಚಿತ್ರ ಬಾಸ್ ವಾದಕ ಚಾರ್ಲ್ಸ್ ಮಿಂಗಸ್‌ನದು. 1960ರ 'ಚಾರ್ಲ್ಸ್ ಮಿಂಗಸ್ ಪ್ರೆಸೆಂಟ್ಸ್ ಚಾರ್ಲ್ಸ್ ಮಿಂಗಸ್' ಪೂರ್ತಿ ಸ್ಟುಡಿಯೋ ರೆಕಾರ್ಡ್. ಕೋಣೆಯಲ್ಲಿ ಕೇಳುಗರೇ ಇಲ್ಲ. ಆದರೂ ಮಿಂಗಸ್ ಹಾಡಿನ ಮೊದಲು ಮೈಕಿನಲ್ಲಿ ಮಾತಾಡುತ್ತಾನೆ. ಚಪ್ಪಾಳೆ ತಟ್ಟಬೇಡಿ, ಗ್ಲಾಸಿನ ಐಸ್ ಸದ್ದು ಬೇಡ, ಕ್ಯಾಶ್ ರಿಜಿಸ್ಟರ್ ಸದ್ದೂ ಬೇಡ ಅಂತ ಇಲ್ಲದ ಜನರಿಗೆ ಕೇಳಿಕೊಳ್ಳುತ್ತಾನೆ. ಆಗ ಅವನ ತಂಡ ಶೋಪ್ಲೇಸ್ ಅನ್ನೋ ಕ್ಲಬ್‌ನಲ್ಲಿ ಬಹಳ ದಿನ ನುಡಿಸಿತ್ತು. ಆ ರಾತ್ರಿಗಳ ಬಿಸಿ ಸ್ಟುಡಿಯೋಗೂ ಬರಲಿ ಅಂತ ಹಾಗೆ ಮಾಡಿದ.

ಇದರಿಂದ ನನಗೆ ತಿಳಿಯುವುದು ಏನಂದರೆ, ನುಡಿಸುವವರಿಗೇ ಕೋಣೆ ಬೇಕು. ಮಿಂಗಸ್‌ನಂಥವನಿಗೂ ಎದುರಿಗೆ ಯಾರೋ ಇದ್ದಾರೆ ಅಂತ ಅಂದುಕೊಂಡರೆ ಕೈ ಬೇರೆ ರೀತಿ ಓಡುತ್ತದೆ. ಗ್ಲಾಸ್ ಸದ್ದನ್ನು ಆಮೇಲೆ ಟೇಪಿಗೆ ಅಂಟಿಸಿದರೆ ಕೇಳುವವರಿಗೆ ವಾತಾವರಣ ಸಿಗಬಹುದು, ನುಡಿಸುವವರಿಗೆ ಏನೂ ಸಿಗುವುದಿಲ್ಲ. ಆಡರ್ಲಿ ಮಾಡಿದ್ದು ಬೇರೆ. ಜನರನ್ನೇ ತಂದು ಕೂರಿಸಿದ. ಆದ್ದರಿಂದಲೇ ಆ ರೆಕಾರ್ಡ್ ಜೀವಂತವಾಗಿದೆ.

ಸಂಜೆರಾಗ

ಮಿಂಗಸ್ ವಿಷಯ ಬಂದದ್ದು ಒಳ್ಳೆಯದಾಯಿತು. ನಾನು ಹೇಳಬೇಕೆಂದಿದ್ದಕ್ಕೆ ಅದು ಬಲ ಕೊಡುತ್ತದೆ. ಮಿಂಗಸ್ ಎದುರಿಗಿನವರನ್ನು ಗದರಿಸಿ ತನ್ನ ಕಡೆ ತಿರುಗಿಸುವವನು. ಇವಾನ್ಸ್ ಹಾಗಲ್ಲ. ತಲೆ ಕೀಬೋರ್ಡಿನ ಮೇಲೆ ಬಗ್ಗಿಸಿ ಕೂತುಬಿಡುತ್ತಾನೆ. ಫೋಟೋಗಳಲ್ಲಿ ನೋಡಿರುತ್ತೀರಿ. ಕೋಣೆ ಮಾತಾಡಿದರೆ ಅವನು ದನಿ ಏರಿಸುವುದಿಲ್ಲ, ಇನ್ನೂ ಇಳಿಸುತ್ತಾನೆ. 'ಸಮ್ ಅದರ್ ಟೈಮ್' ಕೇಳಿ. ಎರಡು ಕಾರ್ಡ್‌ಗಳು (ಒಟ್ಟಿಗೆ ನುಡಿಯುವ ಸ್ವರಗುಚ್ಛಗಳು) ಹೋಗಿ ಬಂದು ಮಾಡುತ್ತಿರುತ್ತವೆ. 1958ರಲ್ಲಿ ಅವನು ಒಬ್ಬನೇ ನುಡಿಸಿದ 'ಪೀಸ್ ಪೀಸ್' ಹುಟ್ಟಿದ್ದು ಈ ಹಾಡಿನ ಆರಂಭದಿಂದಲೇ. ಅಷ್ಟು ಮೆಲ್ಲಗಿನ ಹಾಡನ್ನು ಭಾನುವಾರ ಮಧ್ಯಾಹ್ನ ಕುಡಿಯುತ್ತಾ ಕೂತ ಜನರ ಮುಂದೆ ಇಡಲು ಧೈರ್ಯ ಬೇಕು.

ಹಡ್ಸನ್_ದಂಡೆ

ನಾನು ನ್ಯೂಜರ್ಸಿಯಲ್ಲಿರುವುದು. ವ್ಯಾನ್‌ಗಾರ್ಡ್‌ಗೆ ಆಗಾಗ ಹೋಗುತ್ತೇನೆ. ಆ ಜಾಗ ನೋಡದವರಿಗೆ ಒಂದಿಷ್ಟು ಹೇಳಿದರೆ ಚರ್ಚೆಗೆ ಸಹಾಯ ಆಗಬಹುದು.

ವಿಳಾಸ 178, ಸೆವೆಂತ್ ಅವೆನ್ಯೂ ಸೌತ್, ಗ್ರೀನಿಚ್ ವಿಲೇಜ್. ಮ್ಯಾಕ್ಸ್ ಗಾರ್ಡನ್ 1935ರಲ್ಲಿ ಇಲ್ಲಿ ಶುರು ಮಾಡಿದ. ಆಗ ಕವಿಗಳು, ಜಾನಪದ ಹಾಡುಗಾರರು, ಹಾಸ್ಯಗಾರರು ಎಲ್ಲ ಬರುತ್ತಿದ್ದರು. ಪೂರ್ತಿ ಜಾಝ್ ಆದದ್ದು 1957ರ ಸುಮಾರಿಗೆ. ಅದೇ ವರ್ಷ ನವೆಂಬರ್ 3ರಂದು ಸ್ಯಾಕ್ಸೊಫೋನ್ ವಾದಕ ಸಾನಿ ರಾಲಿನ್ಸ್ ಅಲ್ಲಿ ರೆಕಾರ್ಡ್ ಮಾಡಿದ. ಗಾರ್ಡನ್ 1989ರಲ್ಲಿ ತೀರಿಕೊಂಡ ಮೇಲೆ ಹೆಂಡತಿ ಲೊರೇನ್ ನಡೆಸಿದರು. 2018ರಲ್ಲಿ ಅವರೂ ಹೋದ ಮೇಲೆ ಮಗಳು ಡೆಬೊರಾ.

ಬಾಗಿಲು ರಸ್ತೆಗೇ ಇದೆ. ಒಳಗೆ ಕಾಲಿಟ್ಟರೆ ಕಡಿದಾದ ಮೆಟ್ಟಿಲು, ಕೆಳಗೆ ನೆಲಮಾಳಿಗೆ. ಕೋಣೆ ಚೌಕ ಅಲ್ಲ, ತ್ರಿಕೋನದ ಹಾಗೆ ಒಂದು ಕಡೆಗೆ ಕಿರಿದಾಗುತ್ತಾ ಹೋಗುತ್ತದೆ. ಆ ಕಿರಿದಾದ ತುದಿಯಲ್ಲಿ ವೇದಿಕೆ. ಕೂರಲು ಜಾಗ 123 ಜನಕ್ಕೆ. ಮುಂದಿನ ಮೇಜಿನಲ್ಲಿ ಕೂತರೆ ಡ್ರಮ್ಮರ್‌ನ ಸಿಂಬಲ್ ಕೈಗೆ ಎಟುಕುವಷ್ಟು ಹತ್ತಿರ. ಅಲ್ಲಿ ಕೂತ ಮೇಲೆ ನನಗೆ ಆ ರೆಕಾರ್ಡಿಂಗ್ ಬೇರೆಯಾಗಿ ಕೇಳಿಸತೊಡಗಿತು. ಗ್ಲಾಸ್ ಸದ್ದು 'ಹಿಂದಿನಿಂದ' ಬರುತ್ತಿಲ್ಲ. ವಾದ್ಯಗಳ ಪಕ್ಕದಿಂದಲೇ ಬರುತ್ತಿದೆ. ಜನ ಅಷ್ಟು ಹತ್ತಿರ ಕೂತಿದ್ದರು.

ಚಾಮರಾಜಪೇಟೆಯವರಿಗೆ ಒಂದು ಸಮಾಧಾನದ ಸುದ್ದಿ. ಈಗ ಅಲ್ಲಿ ಸೆಟ್ ನಡೆಯುವಾಗ ಯಾರೂ ಮಾತಾಡುವ ಹಾಗಿಲ್ಲ, ಫೋನ್ ತೆಗೆಯುವ ಹಾಗಿಲ್ಲ. ನೀವು ಬಯಸಿದ ಶಿಸ್ತು ಬಂದಿದೆ.

ಮತ್ತೆ ಇನ್ನೊಂದು. 2020ರಲ್ಲಿ ಕೋವಿಡ್‌ನಿಂದ ಕ್ಲಬ್ ಮುಚ್ಚಿದಾಗ ಖಾಲಿ ಕೋಣೆಯಿಂದ ಲೈವ್‌ಸ್ಟ್ರೀಮ್ ಮಾಡಿದರು. ಅದೇ ವೇದಿಕೆ, ಅದೇ ಗೋಡೆ, ದೊಡ್ಡ ಕಲಾವಿದರು, ಒಳ್ಳೆಯ ಮೈಕುಗಳು. ನಾನು ದುಡ್ಡು ಕೊಟ್ಟು ನೋಡಿದೆ, ಆ ದಿನಗಳಲ್ಲಿ ಅದು ದೊಡ್ಡ ಆಸರೆಯೂ ಆಗಿತ್ತು. ಆದರೆ ಸೋಲೋ ಮುಗಿದ ಕೂಡಲೇ ಏನೂ ಇಲ್ಲ. ಚಪ್ಪಾಳೆ ಇಲ್ಲ, ಕೆಮ್ಮು ಇಲ್ಲ, ಕುರ್ಚಿ ಸದ್ದಿಲ್ಲ. ನುಡಿಸಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಮುಂದಿನ ಹಾಡಿಗೆ ಹೋಗುತ್ತಿದ್ದರು. ಕೋಣೆ ಎಂದರೆ ಗೋಡೆ ಮಾತ್ರ ಅಲ್ಲ ಅಂತ ನನಗೆ ಆಗ ಖಚಿತವಾಯಿತು.

ಧಾರವಾಡದಾಕಿ

ನಮ್ಮ ಕಡೆ ಹಿಂದೂಸ್ತಾನಿ ಬೈಠಕ್‌ಗಳ ಹಳೆಯ ಖಾಸಗಿ ಟೇಪುಗಳನ್ನು ಕೇಳಿ ಬೆಳೆದವಳು ನಾನು. ಅವುಗಳಲ್ಲೂ ಕೋಣೆ ಕೇಳಿಸುತ್ತದೆ. 'ವಾಹ್' ಅನ್ನುತ್ತಾರೆ, 'ಕ್ಯಾ ಬಾತ್ ಹೈ' ಅನ್ನುತ್ತಾರೆ, ಸಮ್‌ಗೆ (ತಾಳದ ಮೊದಲ ಪೆಟ್ಟಿಗೆ) ಎಲ್ಲರೂ ಒಟ್ಟಿಗೆ ತಲೆದೂಗಿದ್ದು ಉಸಿರಿನಲ್ಲೇ ಗೊತ್ತಾಗುತ್ತದೆ. ಆದರೆ ಅಲ್ಲಿ ಕೋಣೆ ಸಂಗೀತಕ್ಕೆ ಉತ್ತರ ಕೊಡುತ್ತದೆ. ಹಾಡುವವರು ಆ ಉತ್ತರ ಕೇಳಿ ಮುಂದಿನ ತಾನ್ ತೆಗೆಯುತ್ತಾರೆ.

ವ್ಯಾನ್‌ಗಾರ್ಡ್ ರೆಕಾರ್ಡಿಂಗ್‌ನಲ್ಲಿ ಅದು ಇಲ್ಲ. ಜನ ತಮ್ಮ ಪಾಡಿಗೆ ಇದ್ದಾರೆ. ಆದ್ದರಿಂದ 'ಲೈವ್ ಅಂದರೆ ಕೇಳುಗರ ಜೊತೆಗಿನ ಬಂಧ' ಅನ್ನೋ ಸಾಮಾನ್ಯ ಮಾತು ಇಲ್ಲಿ ಸಲ್ಲುವುದಿಲ್ಲ. ಸಂಜೆರಾಗ ಹೇಳಿದ್ದು ಸರಿ, ಉತ್ತರ ಕೊಡುತ್ತಿರುವವರು ಆ ಮೂವರೇ.

ನನ್ನ ತಕರಾರು ಬೇರೆ ವಿಷಯಕ್ಕೆ. ಲಫಾರೋ ಆ ಭಾನುವಾರದ ಹನ್ನೊಂದು ದಿನಕ್ಕೆ, ಜುಲೈ 6ರಂದು, ಕಾರು ಅಪಘಾತದಲ್ಲಿ ಸತ್ತ. ಇದು ಎಲ್ಲರಿಗೂ ಗೊತ್ತು. ಈ ಆಲ್ಬಮ್ ಬಗ್ಗೆ ಯಾರು ಬರೆದರೂ ಅದನ್ನೇ ಮೊದಲು ಬರೆಯುತ್ತಾರೆ. ನಮಗೆ ಇದು ಇಷ್ಟು ಆಳವಾಗಿ ತಟ್ಟುವುದಕ್ಕೆ ಆ ಸಾವು ಕಾರಣ ಅಲ್ಲ ಅಂತ ಧೈರ್ಯವಾಗಿ ಹೇಳಲು ಆಗುತ್ತದಾ? ಅವನು ಬದುಕಿ 70 ವರ್ಷದವರೆಗೆ ನುಡಿಸಿದ್ದರೆ ಇದು ನೂರರಲ್ಲಿ ಒಂದು ಒಳ್ಳೆಯ ಲೈವ್ ಆಲ್ಬಮ್ ಆಗಿರುತ್ತಿತ್ತೇನೋ.

ಸಂಜೆರಾಗ

ಕಷ್ಟದ ಪ್ರಶ್ನೆ, ಸರಿಯಾದ ಪ್ರಶ್ನೆ.

ಸಾವು ನಾವು ಕೇಳುವ ರೀತಿಯನ್ನಷ್ಟೇ ಅಲ್ಲ, ಆಲ್ಬಮ್‌ನ ರೂಪವನ್ನೇ ಬದಲಿಸಿತು. ಲಫಾರೋ ಹೋದ ಮೇಲೆ ಕೀಪ್‌ನ್ಯೂಸ್ ಮತ್ತು ಇವಾನ್ಸ್ ಟೇಪುಗಳನ್ನು ಕೇಳುತ್ತಾ ಕೂತರು. ಮೊದಲ ಎಲ್‌ಪಿಗೆ ಲಫಾರೋ ಎದ್ದು ಕಾಣುವ ಹಾಡುಗಳನ್ನೇ ಆರಿಸಿದರು. ಅವನು ಬರೆದ ಎರಡೂ ಹಾಡುಗಳು ಅದರಲ್ಲಿವೆ. ಮೊದಲ ಹಾಡು ಅವನದು, ಕೊನೆಯ ಹಾಡೂ ಅವನದು. ಕವರ್ ಮೇಲೆ ಅವನ ಹೆಸರನ್ನು ಪ್ರತ್ಯೇಕವಾಗಿ ಹಾಕಿದರು. ಅಂದರೆ ಆ ಎಲ್‌ಪಿ ಶ್ರದ್ಧಾಂಜಲಿಯಾಗಿಯೇ ಬಂತು. ಉಳಿದ ಹಾಡುಗಳಿಂದ 'ವಾಲ್ಟ್ಜ್ ಫಾರ್ ಡೆಬಿ' 1962ರಲ್ಲಿ ಬಂತು. ಇವಾನ್ಸ್ ಎಷ್ಟೋ ತಿಂಗಳು ಸರಿಯಾಗಿ ನುಡಿಸಲೇ ಇಲ್ಲ.

ಆದರೆ ನೋಡಿ, ನುಡಿಸಿದ ದಿನ ಅವರಿಗೆ ಇದು ಗೊತ್ತಿರಲಿಲ್ಲ. ಟೇಪಿನಲ್ಲಿ ದುಃಖ ಇಲ್ಲ. 'ಮೈ ರೊಮ್ಯಾನ್ಸ್' ಕೇಳಿದರೆ ಮೂವರಿಗೂ ಖುಷಿ ಅಂತ ಸ್ಪಷ್ಟವಾಗಿ ಗೊತ್ತಾಗುತ್ತದೆ. ದುಃಖ ನಾವು ತರುವುದು. ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಸಾವು ನಮ್ಮನ್ನು ಈ ರೆಕಾರ್ಡಿನ ಬಾಗಿಲವರೆಗೆ ಕರೆತಂದಿರಬಹುದು. ಒಳಗೆ ಹಿಡಿದು ಕೂರಿಸಿದ್ದು 'ಗ್ಲೋರಿಯಾಸ್ ಸ್ಟೆಪ್'ನ ಆ ಐದೈದು ಬಾರ್‌ಗಳೇ.

ಬಾಸ್‌ಪ್ರಿಯ

ಧಾರವಾಡದಾಕಿಯವರ ಮಾತಿಗೆ ಇನ್ನೊಂದು ಬದಿಯಿಂದ ಉತ್ತರ. ಆಮೇಲೆ ಬಂದ ಬಾಸ್ ವಾದಕರನ್ನು ಕೇಳಿ. ಎಡ್ಡಿ ಗೋಮೆಜ್, ಮಾರ್ಕ್ ಜಾನ್ಸನ್, ಇಬ್ಬರೂ ಇವಾನ್ಸ್ ಜೊತೆ ವರ್ಷಗಟ್ಟಲೆ ನುಡಿಸಿದವರು. ಲಫಾರೋ ತೆರೆದ ದಾರಿಯಲ್ಲೇ ನಡೆದರು. ಸಾವಿನ ಕತೆ ಕೇಳಿ ಕಣ್ಣೀರು ಹಾಕಿದವರು ಬೆರಳಿನ ಕೆಲಸ ಕಲಿಯುವುದಿಲ್ಲ. ಕಲಿತವರು ಟೇಪನ್ನು ಹಿಂದೆ ಮುಂದೆ ಓಡಿಸಿ ಒಂದೊಂದು ಸ್ವರ ಬರೆದುಕೊಂಡವರು.

ಅವನ ಬಾಸ್ ಬಗ್ಗೆಯೂ ಹೇಳಬೇಕು. ನ್ಯೂ ಹ್ಯಾಂಪ್‌ಶೈರ್‌ನ ಅಬ್ರಹಾಂ ಪ್ರೆಸ್ಕಾಟ್ 1825ರ ಸುಮಾರಿಗೆ ಮಾಡಿದ ವಾದ್ಯ. ಅಪಘಾತದಲ್ಲಿ ಅದೂ ತೀರಾ ಹಾಳಾಯಿತು. ಬಹಳ ವರ್ಷಗಳ ನಂತರ ಅದನ್ನು ತುಂಡು ತುಂಡಾಗಿ ಜೋಡಿಸಿ ರಿಪೇರಿ ಮಾಡಿದರು. ಈಗ ಅದು ಬಾಸ್ ವಾದಕರ ಅಂತರರಾಷ್ಟ್ರೀಯ ಸಂಘದ ಬಳಿ ಇದೆ, ಮತ್ತೆ ನುಡಿಯುತ್ತದೆ.

ಮೃದಂಗ_ಮೈಸೂರು

ಎಲ್ಲರೂ ಪಿಯಾನೋ, ಬಾಸ್ ಅಂದಿರಿ. ಪಾಲ್ ಮೋಷಿಯನ್‌ಗೆ ನ್ಯಾಯ ಸಿಗಲಿಲ್ಲ.

ನಾನು ಮೃದಂಗ ಕಲಿತವನು. ತಾಳ ಕೈಯಲ್ಲಿ ಹಾಕಿ ತೋರಿಸುವ ಸಂಗೀತದಿಂದ ಬಂದವನಿಗೆ ಮೋಷಿಯನ್ ಮೊದಲು ಗೊಂದಲ ತರುತ್ತಾನೆ. ಲಯ ಎಲ್ಲಿದೆ ಅಂತ ತೋರಿಸುವುದೇ ಇಲ್ಲ. ನಿಧಾನದ ಹಾಡುಗಳಲ್ಲಿ ಬ್ರಷ್ ಹಿಡಿದು ಚರ್ಮದ ಮೇಲೆ ಸವರುತ್ತಾನೆ, ಸಿಂಬಲ್ ಒಂದು ಸಲ ಮುಟ್ಟಿ ಬಿಡುತ್ತಾನೆ. 'ಮೈ ಫೂಲಿಶ್ ಹಾರ್ಟ್'ನಲ್ಲಿ ಆ ಸಿಂಬಲ್ ಝುಂ ಅಂತ ಹಬ್ಬಿ ಹೋಗುತ್ತದಲ್ಲ, ಅದರ ಮೇಲೆಯೇ ಪಿಯಾನೋ ತೇಲುತ್ತಿದೆ. ಲಯ ಮೂವರ ಮನಸ್ಸಿನಲ್ಲೂ ಇದೆ. ಯಾರೂ ಅದನ್ನು ಬಾಯಿಬಿಟ್ಟು ಹೇಳುತ್ತಿಲ್ಲ. ಇಷ್ಟು ನಂಬಿಕೆ ಇಲ್ಲದೆ ಲಫಾರೋಗೆ ನಾಲ್ಕರ ನಡೆ ಬಿಟ್ಟು ಓಡಾಡಲು ಆಗುತ್ತಲೇ ಇರಲಿಲ್ಲ. ಬಾಸ್‌ಗೆ ಆ ಸ್ವಾತಂತ್ರ್ಯ ಕೊಟ್ಟವನು ಡ್ರಮ್ಮರ್.

ಮೂವರಲ್ಲಿ ಹೆಚ್ಚು ಕಾಲ ಬದುಕಿದವನೂ ಅವನೇ. 2011ರಲ್ಲಿ ತೀರಿಕೊಂಡ. ಕೊನೆಯ ವರ್ಷಗಳಲ್ಲೂ ವ್ಯಾನ್‌ಗಾರ್ಡ್‌ನಲ್ಲಿ ನುಡಿಸುತ್ತಿದ್ದ.

ಜಾಝ್ ಮತ್ತು ನಮ್ಮ ಲಯದ ನಂಟು ಬೇಕಾದವರು ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೋ ನಮ್ಮ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಜೊತೆ ಮಾಡಿದ 'ಜ್ಯೋತಿ' ಕೇಳಿ. 1983ರಲ್ಲಿ ಇಸಿಎಂ ಅನ್ನೋ ರೆಕಾರ್ಡ್ ಕಂಪನಿ ತಂದದ್ದು. ಟಿ.ಎ.ಎಸ್. ಮಣಿ ಮೃದಂಗ, ಆರ್.ಎ. ರಮಾಮಣಿ ಹಾಡುಗಾರಿಕೆ. ಅದು ಕ್ಲಬ್ ರೆಕಾರ್ಡಿಂಗ್ ಅಲ್ಲ, ಆದರೆ ಒಬ್ಬರನ್ನೊಬ್ಬರು ಕೇಳುವುದು ಅಂದರೆ ಏನು ಅಂತ ಅಲ್ಲೂ ಗೊತ್ತಾಗುತ್ತದೆ.

ಹೊಸಬ_ಶಿರಸಿ

ಬಾಸ್‌ಪ್ರಿಯ ಹೇಳಿದ ಹಾಗೆ ಹೆಡ್‌ಫೋನ್ ಹಾಕಿ ಕೇಳಿದೆ. ಈಗ ಕೇಳಿಸಿತು! 'ವಾಲ್ಟ್ಜ್ ಫಾರ್ ಡೆಬಿ'ಯಲ್ಲಿ ಎಣಿಕೆ ಮೂರರಿಂದ ನಾಲ್ಕಕ್ಕೆ ತಿರುಗುವ ಜಾಗ ಗೊತ್ತಾಯಿತು. ಅಲ್ಲಿಂದ ಬಾಸ್ ಬಿಡಲೇ ಇಲ್ಲ. 'ಜೇಡ್ ವಿಷನ್ಸ್' ಎರಡು ಟೇಕನ್ನೂ ಕೇಳಿದೆ. ಒಂದೇ ಸಾಲು ಮತ್ತೆ ಮತ್ತೆ ಬರುತ್ತದೆ, ಆದರೆ ಎಲ್ಲೂ ಬೇಸರ ಬರಲಿಲ್ಲ. ಯಾಕೆ ಅಂತ ಇನ್ನೂ ತಿಳಿದಿಲ್ಲ.

ಗ್ಲಾಸ್ ಸದ್ದಿನ ಬಗ್ಗೆ ನನಗೆ ಅನಿಸಿದ್ದು ಹೇಳಲಾ? ನನ್ನಂಥ ಹೊಸಬನಿಗೆ ಅದು ಧೈರ್ಯ ಕೊಟ್ಟಿತು. ಪೂರ್ತಿ ಮೌನದಲ್ಲಿ ಇಂಥ ಸಂಗೀತ ಬಂದರೆ 'ಇದು ತಿಳಿದವರಿಗೆ' ಅನ್ನಿಸಿ ದೂರ ಕೂರುತ್ತಿದ್ದೆ. ಅಲ್ಲಿ ಕೂತವರೂ ಎಲ್ಲ ತಿಳಿದವರಲ್ಲ ಅಂತ ಆ ನಗು ಕೇಳಿ ಗೊತ್ತಾಯಿತು.

ಇನ್ನು ಯಾವುದು ಕೇಳಲಿ? ಚಿಕ್ಕ ಕ್ಲಬ್‌ಗಳದ್ದೇ ಬೇಕು.

ಚಾಮರಾಜಪೇಟೆ

ಹೊಸಬರ ಆ ಮಾತು ನಾನು ಯೋಚಿಸದ ಕೋನ. ನನಗೆ ಸದ್ದು ಇನ್ನೂ ಇಷ್ಟವಿಲ್ಲ, ಆದರೆ ಒಬ್ಬರಿಗೆ ಬಾಗಿಲು ತೆರೆದರೆ ಅದಕ್ಕೆ ಬೆಲೆ ಇದೆ.

ನನ್ನ ಕಡೆಯಿಂದ ಒಂದು: ಅಹ್ಮದ್ ಜಮಾಲ್‌ನ 'ಅಟ್ ದಿ ಪರ್ಶಿಂಗ್'. 1958ರ ಜನವರಿ, ಚಿಕಾಗೋದ ಪರ್ಶಿಂಗ್ ಹೋಟೆಲಿನ ಲೌಂಜ್. ಅವನದೂ ಪಿಯಾನೋ ಟ್ರಯೋವೇ. ಎಲ್ಲಿ ನುಡಿಸಬಾರದು ಅನ್ನೋದನ್ನು ಜಮಾಲ್‌ನಷ್ಟು ಚೆನ್ನಾಗಿ ತಿಳಿದವರು ಕಮ್ಮಿ. ಅಮೆರಿಕದ ಜನಪ್ರಿಯ ಆಲ್ಬಮ್‌ಗಳ ಪಟ್ಟಿಗಳಲ್ಲಿ ಎರಡು ವರ್ಷದಷ್ಟು ಕಾಲ ಉಳಿದ ಜಾಝ್ ಆಲ್ಬಮ್ ಅದು.

ಟೇಪುರೀಲು

ರಾಲಿನ್ಸ್‌ನ 1957ರ ವ್ಯಾನ್‌ಗಾರ್ಡ್ ರೆಕಾರ್ಡ್ ಬಿಡಬೇಡಿ. ಪಿಯಾನೋ ಇಲ್ಲ, ಸ್ಯಾಕ್ಸೊಫೋನ್, ಬಾಸ್, ಡ್ರಮ್ಸ್ ಮಾತ್ರ. ಎಂಜಿನಿಯರ್ ರೂಡಿ ವ್ಯಾನ್ ಗೆಲ್ಡರ್ ರೆಕಾರ್ಡ್ ಮಾಡಿದ್ದು. ಇವಾನ್ಸ್ ದಿನದ ನಾಲ್ಕು ತಿಂಗಳ ನಂತರ, 1961ರ ನವೆಂಬರ್‌ನಲ್ಲಿ, ಅದೇ ವೇದಿಕೆಯಲ್ಲಿ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ನುಡಿಸಿದ. ಅದನ್ನೂ ವ್ಯಾನ್ ಗೆಲ್ಡರ್ ಹಿಡಿದ. 'ಚೇಸಿನ್ ದಿ ಟ್ರೇನ್' ಎಲ್‌ಪಿಯ ಒಂದು ಬದಿ ಪೂರ್ತಿ ಒಂದೇ ಹಾಡು. ಇವಾನ್ಸ್ ಪಿಸುಗುಟ್ಟಿದ ಕೋಣೆಯಲ್ಲಿ ಕೋಲ್ಟ್ರೇನ್ ಕೂಗುತ್ತಾನೆ. ಕೋಣೆ ಎರಡನ್ನೂ ತಾಳಿಕೊಂಡಿದೆ. ಒಂದರ ಹಿಂದೆ ಒಂದು ಕೇಳಿ.

ಹಡ್ಸನ್_ದಂಡೆ

ನನ್ನದು ಎರಡು. ಮೊದಲನೆಯದು ಕೀತ್ ಜಾರೆಟ್‌ನ 'ಅಟ್ ದಿ ಡಿಯರ್ ಹೆಡ್ ಇನ್'. ಪೆನ್ಸಿಲ್ವೇನಿಯಾದ ಒಂದು ಚಿಕ್ಕ ಹೋಟೆಲ್. ಜಾರೆಟ್ ಹುಡುಗನಾಗಿದ್ದಾಗ ನುಡಿಸಿದ್ದ ಜಾಗ. 1992ರಲ್ಲಿ ಮತ್ತೆ ಅಲ್ಲಿ ಹೋಗಿ ನುಡಿಸಿದ. ಬಾಸ್ ಗ್ಯಾರಿ ಪೀಕಾಕ್, ಡ್ರಮ್ಸ್ ನಮ್ಮ ಮೋಷಿಯನ್. 31 ವರ್ಷದ ನಂತರ ಅದೇ ಕೈ ಇನ್ನೊಬ್ಬ ಪಿಯಾನಿಸ್ಟ್‌ಗೆ ಹೇಗೆ ಜಾಗ ಮಾಡಿಕೊಡುತ್ತದೆ ಅಂತ ಕೇಳಬಹುದು.

ಎರಡನೆಯದು ಇವಾನ್ಸ್‌ನದೇ. 1980ರ ಜೂನ್‌ನಲ್ಲಿ ಅವನು ವ್ಯಾನ್‌ಗಾರ್ಡ್‌ಗೆ ಮಾರ್ಕ್ ಜಾನ್ಸನ್, ಜೋ ಲಬಾರ್ಬೆರಾ ಜೊತೆ ಬಂದ. 'ಟರ್ನ್ ಔಟ್ ದಿ ಸ್ಟಾರ್ಸ್' ಹೆಸರಿನಲ್ಲಿ ಅದು ಸಿಗುತ್ತದೆ. ಅದೇ ವರ್ಷ ಸೆಪ್ಟೆಂಬರ್ 15ರಂದು ತೀರಿಕೊಂಡ, 51 ವರ್ಷಕ್ಕೆ. ಆ ಪಿಯಾನೋ ಬೇರೆಯೇ. ಅವಸರ ಇದೆ, ಬೆರಳು ಗಟ್ಟಿಯಾಗಿ ಬೀಳುತ್ತವೆ. 1961ರ ಮೆಲ್ಲಗಿನ ಮನುಷ್ಯನನ್ನು ಹುಡುಕಿಕೊಂಡು ಹೋದರೆ ಸಿಗುವುದಿಲ್ಲ, ಆದರೆ ಸಿಗುವವನೂ ದೊಡ್ಡವನೇ.

ಧಾರವಾಡದಾಕಿ

ನಾನು ಇವತ್ತು ಮತ್ತೆ 'ಡಿಟೂರ್ ಅಹೆಡ್' ಎರಡೂ ಟೇಕ್ ಕೇಳಿದೆ, ಅಪಘಾತದ ಕತೆ ಮನಸ್ಸಿನಿಂದ ದೂರ ಇಟ್ಟು. ಎರಡನೆಯ ಟೇಕ್‌ನಲ್ಲಿ ಲಫಾರೋ ಒಂದು ಸಾಲು ಶುರು ಮಾಡಿ ಅರ್ಧಕ್ಕೆ ಬಿಡುತ್ತಾನೆ, ಇವಾನ್ಸ್ ಅದನ್ನು ಎತ್ತಿಕೊಂಡು ಮುಗಿಸುತ್ತಾನೆ ಅಂತ ನನಗೆ ಕೇಳಿಸಿತು. ಬಾಸ್‌ಪ್ರಿಯ, ನಿಮಗೂ ಹಾಗೇ ಕೇಳಿಸುತ್ತದಾ ನೋಡಿ ಹೇಳಿ. ಹಾಡಿನ ನಡುಭಾಗದಲ್ಲಿ.

ಬಾಸ್‌ಪ್ರಿಯ

ಇವತ್ತು ರಾತ್ರಿ ಕೇಳಿ ಹೇಳುತ್ತೇನೆ. ಹೊಸಬರೇ, ನೀವೂ ಕೇಳಿ. ಮೊದಲ ಟೇಕ್ ಮೊದಲು, ಆಮೇಲೆ ಎರಡನೆಯದು.